ಹೊಲ್ಲರನು ಬರೆದ ಲಂಡನ್ ನಗರ

ನಾವು ಓದಿದ ಶಾಲೆಯ ಹಳೆಯ ಕಟ್ಟಡವನ್ನು ಕೆಡವಿ ಹೊಸದನ್ನು ಕಟ್ಟಿದರೆಂದು ಭಾವಿಸೋಣ. ಹಳೆಯ ಪಡಸಾಲೆಗೆ ಎಷ್ಟು ಕಂಬಗಳಿದ್ದುವೆಂದು ನಮ್ಮಲ್ಲಿ ಎಷ್ಟು ಮಂದಿ ತಪ್ಪಿಲ್ಲದೆ ಹೇಳಬಲ್ಲೆವು? ದಿನವೂ ಕಂಡುದನ್ನು ನಾವು ನಿಜವಾಗಿ ನೋಡಿರುವುದು ಅಪರೂಪ. ಹಾಗೆ ನೋಡಿದವನೊಬ್ಬನ ವೃತ್ತಾಂತವನ್ನು ಇಲ್ಲಿ ಅರಿಯೋಣ.

ವೆನ್ಸೆಸ್ಲಾಸ್ ಹೊಲ್ಲರನು 1607ರಲ್ಲಿ ಬೊಹೀಮಿಯ ದೇಶದ ಪ್ರಾಗ್ ನಗರದಲ್ಲಿ ಜನಿಸಿದನು. 1636ರಲ್ಲಿ ಅರಂಡಲ್ ಪ್ರಭುವಿನ ಆಶ್ರಯವು ದೊರೆತು ಲಂಡನಿಗೆ ಬಂದನು. ಅವನ ಕಲೆಗೆ ಎಚ್ಚಿಂಗ್ ಎಂದು ಹೆಸರು. ತಾಮ್ರದ ತಗಡಿಗೆ ಮೇಣದಂತಹ ಲೇಪವನ್ನು ಬಳಿದು, ಅದರ ಮೇಲೆ ಸೂಜಿಯಿಂದ ಚಿತ್ರವನ್ನು ಗೀರುವರು. ಬಳಿಕ ತಗಡನ್ನು ಆಮ್ಲದಲ್ಲಿ ಇಡಲು, ಲೇಪವು ಹೋದೆಡೆಯಲ್ಲಿ ಮಾತ್ರ ಆಮ್ಲವು ತಾಮ್ರವನ್ನು ತಿಂದು ಗೆರೆಗಳಾಗುವುವು. ಅವುಗಳಲ್ಲಿ ಮಸಿಯನ್ನು ತುಂಬಿ, ಒದ್ದೆ ಕಾಗದವನ್ನಿಟ್ಟು ಒತ್ತಿದರೆ ಚಿತ್ರವು ಮೂಡುವುದು. ಅಚ್ಚಿನಲ್ಲಿ ಎಡಬಲಗಳು ಅದಲುಬದಲಾಗುವುದರಿಂದ, ನಗರವನ್ನು ತಗಡಿನ ಮೇಲೆ ಕನ್ನಡಿಯಲ್ಲಿ ಕಂಡಂತೆ ಬರೆಯಬೇಕು.

ಥೇಮ್ಸ್ ನದಿಯ ದಕ್ಷಿಣ ದಡದಿಂದ ಕಾಣುವ ಲಂಡನಿನ ನೀಳವಾದ ಚಿತ್ರವನ್ನು ಅವನು 1647ರಲ್ಲಿ ಪ್ರಕಟಿಸಿದನು. ಆಗ ಅವನಿದ್ದುದು ಆಂಟ್‌ವರ್ಪಿನಲ್ಲಿ. ಲಂಡನಿನಲ್ಲಿ ಮೊದಲೇ ಬರೆದಿಟ್ಟುಕೊಂಡ ರೇಖಾಚಿತ್ರಗಳೇ ಅವನಿಗೆ ಆಧಾರ. ಅದರಲ್ಲಿ ಒಂದು ತಪ್ಪು ನುಸುಳಿತು. ಗ್ಲೋಬ್ ನಾಟಕಶಾಲೆಯ ಹೆಸರು ಕರಡಿಕಾಳಗದ ಮನೆಗೂ, ಅದರ ಹೆಸರು ನಾಟಕಶಾಲೆಗೂ ಬಿದ್ದುವು. ಹೆಸರು ತಪ್ಪಿದರೂ ಗೆರೆ ತಪ್ಪಿರಲಿಲ್ಲ. ಆದುದರಿಂದಲೇ 1997ರಲ್ಲಿ ತೆರೆದ ಹೊಸ ಗ್ಲೋಬನ್ನು ಕಟ್ಟುವಾಗ ಅವನ ಗೆರೆಗಳೂ ಸಾಕ್ಷಿಯಾದುವು.

1666ನೆಯ ಸೆಪ್ಟೆಂಬರಿನಲ್ಲಿ ಮಹಾಗ್ನಿಯು ಲಂಡನಿನ 13,000ಕ್ಕೂ ಮಿಕ್ಕ ಮನೆಗಳನ್ನೂ 87 ದೇವಾಲಯಗಳನ್ನೂ ಸಂತ ಪೌಲನ ಮಹಾದೇವಾಲಯವನ್ನೂ ದಹಿಸಿತು. ಆ ಮಹಾದೇವಾಲಯದ ಒಳಹೊರಗುಗಳನ್ನು ಹೊಲ್ಲರನು 1658ರ ಒಂದು ಗ್ರಂಥಕ್ಕಾಗಿ ಮೊದಲೇ ಬರೆದಿದ್ದನು. ಬೆಂಕಿಯ ತರುವಾಯ ಒಂದೇ ಎಡೆಯಿಂದ ಕಂಡ ಎರಡು ನೋಟಗಳನ್ನು ಒಂದರ ಕೆಳಗೊಂದರಂತೆ ಅಚ್ಚುಮಾಡಿದನು: ಮೇಲೆ ಬೆಂಕಿಗೆ ಮುಂಚಿನ ನಗರ, ಕೆಳಗೆ ಬರಿಯ ಗೋಡೆಗಳು. ನೋಡಿದವರಿಗೆ ವಿವರಣೆಯು ಬೇಕಾಗಲಿಲ್ಲ.

2,500ಕ್ಕೂ ಮಿಕ್ಕ ಚಿತ್ರಗಳನ್ನು ರಚಿಸಿದ ಈತನು ಪುಸ್ತಕವ್ಯಾಪಾರಿಗಳಿಗೆ ಮರಳುಗಡಿಯಾರವನ್ನು ಮುಂದಿಟ್ಟುಕೊಂಡು ಗಂಟೆಗೆ ನಾಲ್ಕು ಪೆನ್ನಿಯಂತೆ ದುಡಿದನೆಂದು ಹೇಳುವರು. 1677ರಲ್ಲಿ ಬಡವನಾಗಿಯೇ ತೀರಿಕೊಂಡನು. ಆದರೆ ಸುಟ್ಟುಹೋದ ನಗರವನ್ನು ಕಾಣಬಯಸುವವರು ಇಂದಿಗೂ ಅವನ ಬಳಿಗೇ ಹೋಗಬೇಕು.

ತಾಯಿತಂದೆಗಳಲ್ಲಿ ನಮ್ಮದೊಂದು ವಿನಂತಿ. ಮಗಳ ಕೈಗೆ ಸೀಸದ ಕಡ್ಡಿಯನ್ನು ಕೊಟ್ಟು, ಮನೆಯ ಬಾಗಿಲನ್ನು ಇದ್ದಂತೆಯೇ ಬರೆಯಹೇಳಿರಿ. ಅಂದವಾಗಿ ಬಾರದಿದ್ದರೂ ಚಿಂತೆಯಿಲ್ಲ. ಅಗುಳಿ ಎಲ್ಲಿರುವುದೆಂಬುದು ಸರಿಯಾಗಿರಲಿ.