ರೇಡಿಯೇಟರ್ ನೀರು ಎಲ್ಲಿಗೆ ಹೋಗುತ್ತದೆ?

ಹೊಸರಿತ್ತಿಯಿಂದ ಶಿರಸಿ ಮಾರುಕಟ್ಟೆಗೆ ಅಡಿಕೆ ಸಾಗಿಸುವ ಸದಸ್ಯರಲ್ಲಿ ಅನೇಕರು ಗಾಡಿಯಲ್ಲಿ ಒಂದು ಕ್ಯಾನ್ ನೀರು ಇಟ್ಟುಕೊಂಡಿರುತ್ತಾರೆ. ಮುಳ್ಳು ಮೇಲೇರಿದಾಗ ರೇಡಿಯೇಟರಿಗೆ ಒಂದಿಷ್ಟು ಸುರಿದು ಮುಂದೆ ಹೊರಡುವುದು ವಾಡಿಕೆ. ಇದನ್ನು ನಾವು ಒಪ್ಪುವುದಿಲ್ಲ. ಅದು ಮುಚ್ಚಿದ ವ್ಯವಸ್ಥೆ. ಪದೇ ಪದೇ ನೀರು ಇಳಿಯುತ್ತಿದೆಯೆಂದರೆ ಎಲ್ಲೋ ಸೋರುತ್ತಿದೆಯೆಂದೇ ಅರ್ಥ.

ಪರೀಕ್ಷೆಗೆ ಬೆಳಗಿನ ಹೊತ್ತೇ ಸರಿ, ಎಂಜಿನ್ ತಣ್ಣಗಿರಬೇಕು. ತೆರೆದ ಪಾತ್ರೆಯಲ್ಲಿ 100 ಡಿಗ್ರಿಗೆ ಕುದಿಯುವ ನೀರು ಮುಚ್ಚಳದ ಒತ್ತಡದಿಂದಾಗಿ ಸುಮಾರು 120 ಡಿಗ್ರಿಯವರೆಗೆ ಕುದಿಯದೆ ನಿಂತಿರುತ್ತದೆ. ಬಿಸಿಯಲ್ಲಿ ಮುಚ್ಚಳ ತಿರುಗಿಸಿದರೆ ಅದು ಹಬೆಯಾಗಿ ಮುಖಕ್ಕೇ ಎರಚುತ್ತದೆ. ಈ ಮುಚ್ಚಳದ ರಬ್ಬರು ಹಳತಾದರೂ ನೀರು ಹೊರಹೋಗುವುದುಂಟು. ಅಗ್ಗದ ವಸ್ತು, ಮೊದಲು ಅದನ್ನೇ ಬದಲಿಸಿ ನೋಡಬೇಕು.

ರಾತ್ರಿ ಎಂಜಿನ್ನಿನ ಕೆಳಗೆ ಒಂದು ರಟ್ಟು ಹಾಸಿಡಿ. ಹಸಿರು ಅಥವಾ ಕೆಂಪು ಕಲೆ ಬಿದ್ದಿದ್ದರೆ ಅದರ ನೇರಕ್ಕೆ ಮೇಲೆ ಹೋಸಿನ ಕ್ಲಿಪ್ಪು, ರೇಡಿಯೇಟರಿನ ಅಂಚು, ವಾಟರ್ ಪಂಪಿನ ಕೆಳಗಿನ ಸಣ್ಣ ರಂಧ್ರ ಇವುಗಳನ್ನು ನೋಡಬೇಕು. ಬಣ್ಣ, ವಾಸನೆ ಇಲ್ಲದ ಹನಿ ಎ.ಸಿ.ಯದು, ಚಿಂತೆ ಬೇಡ.

ಹೊರಗೆ ಒಂದು ಹನಿಯೂ ಕಾಣದೆ ಮಟ್ಟ ಇಳಿಯುವುದೇ ಕೆಟ್ಟದ್ದು. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ, ಡಿಪ್‌ಸ್ಟಿಕ್ಕಿನ ಆಯಿಲ್ ಹಾಲು ಬೆರೆಸಿದ ಕಾಫಿಯಂತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವ ಹೆಚ್ಚು. ಆ ಗಾಡಿಯನ್ನು ಓಡಿಸದೆ ಎಳೆಸಿಕೊಂಡು ಹೋಗುವುದೇ ಲಾಭ; ಹೆಡ್ಡು ಬಾಗಿದರೆ ಖರ್ಚು ಎಷ್ಟೋ ಪಟ್ಟು.

ನೀರು ಸರಿಯಿದ್ದೂ ಕಾಯುತ್ತಿದ್ದರೆ, ಕಾಯುವುದು ಯಾವಾಗ ಎಂದು ಗಮನಿಸಿರಿ. ಪೇಟೆಯಲ್ಲಿ ನಿಂತಾಗ ಮಾತ್ರವಾದರೆ ಫ್ಯಾನಿನ ಮೇಲೆ ಅನುಮಾನ. ಕುಮಟಾದಿಂದ ದೇವಿಮನೆ ಘಟ್ಟ ಹತ್ತುವಾಗ ಮಾತ್ರವಾದರೆ ರೇಡಿಯೇಟರಿನಲ್ಲಿ ಹೊಟ್ಟು, ಮಣ್ಣು ಅಥವಾ ಒಳಗೆ ಉಪ್ಪು ಕಟ್ಟಿರಬಹುದು, ಥರ್ಮೋಸ್ಟಾಟ್ ಪೂರ್ತಿ ತೆರೆಯದೆಯೂ ಇರಬಹುದು. ಥರ್ಮೋಸ್ಟಾಟನ್ನೇ ಕಿತ್ತೊಗೆಯುವ ಮೆಕ್ಯಾನಿಕರಿದ್ದಾರೆ, ಅದು ರಿಪೇರಿಯಲ್ಲ. ನೀರು ತೀರಾ ಇಳಿದು ಸೆನ್ಸಾರಿಗೆ ತಾಗದಂತಾದರೆ ಮುಳ್ಳು ಏರದೆ ಸುಮ್ಮನಿರುವುದೂ ಉಂಟು, ಆದ್ದರಿಂದ ಮುಳ್ಳೊಂದನ್ನೇ ನಂಬುವಂತಿಲ್ಲ.

ದಾರಿಯಲ್ಲಿ ಕಾದರೆ ಬದಿಗೆ ನಿಲ್ಲಿಸಿ ಎಂಜಿನ್ ಬಂದ್ ಮಾಡಿ, ಪೂರ್ತಿ ಆರಲು ಬಿಡಬೇಕು. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಎರಕ ಬಿರಿಯಬಹುದು. ತುರ್ತಿಗೆ ಬೋರ್‌ವೆಲ್ ನೀರು ಹಾಕಿದ್ದರೂ ಊರಿಗೆ ಬಂದೊಡನೆ ಅದನ್ನು ಬಸಿದು ತೊಳೆದು, ಗಾಡಿಯ ಪುಸ್ತಕದಲ್ಲಿ ಹೇಳಿದ ಕೂಲೆಂಟನ್ನೇ ತುಂಬಿರಿ. ಬೆರೆಸಿಯೇ ಮಾರುವ ಕೂಲೆಂಟಿಗೆ ಮತ್ತೆ ನೀರು ಸೇರಿಸಬಾರದು. ಗಟ್ಟಿ ಕೂಲೆಂಟಿಗೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಆಗುತ್ತದೆ, ಪ್ರಮಾಣವನ್ನು ಡಬ್ಬಿಯ ಮೇಲೆ ನೋಡಿಕೊಳ್ಳಿರಿ.