ಪಾದರಕ್ಷೆ ತ್ಯಾಗದ ನಿಯಮ ಮತ್ತು ಪಾದಗಳ ಸಿದ್ಧತೆ

ಭೋಗೋಪಭೋಗ ಪರಿಮಾಣ ವ್ರತದಲ್ಲಿ ತ್ಯಾಗವು ಎರಡು ಬಗೆ: ಕಾಲಮಿತಿಯುಳ್ಳದ್ದು ನಿಯಮ, ಆಜೀವವಾದದ್ದು ಯಮ. ಚಾತುರ್ಮಾಸದಲ್ಲಿಯೋ ದಶಲಕ್ಷಣ ಪರ್ವದಲ್ಲಿಯೋ ಪಾದರಕ್ಷೆಯನ್ನು ಬಿಡುವ ಶ್ರಾವಕ-ಶ್ರಾವಿಕೆಯರು ಕೈಗೊಳ್ಳುವುದು ನಿಯಮವನ್ನು. ಸಂಕಲ್ಪಕ್ಕೆ ಕ್ಷಣ ಸಾಕಾದರೂ ಅಂಗಾಲು ಸಿದ್ಧವಾಗಲು ವಾರಗಳು ಬೇಕು. ಇದನ್ನೆಣಿಸದವರು ಮೂರನೆಯ ದಿನವೇ ಬೊಕ್ಕೆಯೆದ್ದ ಕಾಲುಗಳಿಂದ ಆರ್ತಧ್ಯಾನಕ್ಕೊಳಗಾಗಿ ನಿಯಮವನ್ನು ಭಂಗಪಡಿಸಿಕೊಳ್ಳುವುದುಂಟು.

ಒಂದು ಪಾದದಲ್ಲಿ 26 ಎಲುಬುಗಳಿದ್ದು, ಅವುಗಳ ಕಮಾನನ್ನು ಸ್ನಾಯುಗಳೂ ಅಸ್ಥಿರಜ್ಜುಗಳೂ ಎತ್ತಿಹಿಡಿದಿವೆ. ದಪ್ಪ ಅಟ್ಟೆಯ, ಬೆರಳುಗಳನ್ನೊತ್ತುವ ಪಾದರಕ್ಷೆಯೊಳಗೆ ಆ ಸ್ನಾಯುಗಳಿಗೆ ಕೆಲಸ ಕಡಿಮೆ. 1992ರಲ್ಲಿ ಪ್ರಕಟವಾದ, ನಮ್ಮ ದೇಶದ 2300 ಮಕ್ಕಳ ಹೆಜ್ಜೆಗುರುತುಗಳ ಅಧ್ಯಯನದಲ್ಲಿ ಪಾದರಕ್ಷೆ ಧರಿಸುವವರಲ್ಲಿ ಶೇಕಡಾ 8.6 ಮಂದಿಗೆ, ಬರಿಗಾಲಿನವರಲ್ಲಿ ಕೇವಲ 2.8 ಮಂದಿಗೆ ಚಪ್ಪಟೆ ಪಾದ ಕಂಡುಬಂದಿತು.

ಜಡ್ಡುಗಟ್ಟಿದ ಅಂಗಾಲಿಗೆ ಸ್ಪರ್ಶಜ್ಞಾನ ಕುಂದುವುದೆಂಬ ಎಣಿಕೆ ಸಾಮಾನ್ಯ. ಕೀನ್ಯಾ ದೇಶದ ಬರಿಗಾಲಿನ ಜನರನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಸಂಶೋಧನೆ ಅದನ್ನು ಅಲ್ಲಗಳೆಯಿತು. ಚರ್ಮ ದಪ್ಪವಾದರೂ ಅರಿವು ಉಳಿದಿತ್ತು. ನಾಲ್ಕು ಮೊಳ ಮುಂದಿನ ನೆಲವನ್ನು ನೋಡುತ್ತ ಹಗಲಿನಲ್ಲೇ ನಡೆಯುವ ಮುನಿಗಳ ಈರ್ಯಾಸಮಿತಿಯನ್ನು ಬಲ್ಲವರಿಗೆ ಇದರ ಬೆಲೆ ತಿಳಿದೀತು. ಕಣ್ಣು ತಪ್ಪಿದ್ದನ್ನು ಅಂಗಾಲು ಅರಿತು ಭಾರ ಹಾಕುವ ಮುನ್ನವೇ ಹಿಂದೆಗೆಯಬಲ್ಲದು. ದಪ್ಪ ಅಟ್ಟೆಗೆ ಆ ಶಕ್ತಿಯಿಲ್ಲ.

ನಿಯಮಕ್ಕೆ ಆರು ವಾರ ಮುನ್ನ ಬೆಳಗಿನ ಹೊತ್ತು ಗುಡಿಸಿದ ಅಂಗಳದಲ್ಲಿ ಹತ್ತು ನಿಮಿಷ ನಡೆಯಲಾರಂಭಿಸಿ, ವಾರವಾರವೂ ಐದು ನಿಮಿಷ ಹೆಚ್ಚಿಸುವುದು. ಹಿಮ್ಮಡಿಯೆತ್ತಿ ನಿಲ್ಲುವುದು, ನೆಲದ ಬಟ್ಟೆಯನ್ನು ಬೆರಳುಗಳಿಂದ ಸೆಳೆಯುವುದು ಮನೆಯಲ್ಲೇ ಆಗುವ ಅಭ್ಯಾಸಗಳು. ಉಳಿದ ವೇಳೆಗೆ ತೆಳು ಅಟ್ಟೆಯ, ಬೆರಳು ಹರಡಲು ಎಡೆಯಿರುವ, ಚರ್ಮರಹಿತ ಪಾದರಕ್ಷೆ ಸಾಕು. ನೋವು ರಾತ್ರಿ ಕಳೆದರೂ ಉಳಿದರೆ ಎರಡು ದಿನ ನಿಲ್ಲಿಸತಕ್ಕದ್ದು. ಹೊಲಸಾದ ತೇವದ ಮಣ್ಣಿನಲ್ಲಿ ಕೊಕ್ಕೆಹುಳುವಿನ ಭಯವಿರುವುದರಿಂದ ಅಲ್ಲಿ ಬರಿಗಾಲು ಸಲ್ಲದು.

ಮಧುಮೇಹದಿಂದ ಪಾದ ಜೋಮುಗಟ್ಟಿದವರು ಈ ನಿಯಮವನ್ನು ಕೈಗೊಳ್ಳಲೇಬಾರದು; ಅವರಿಗೆ ತಿಳಿಯದೆ ಆದ ಗಾಯ ಕೊಳೆತು ಕಾಲನ್ನೇ ಕಳೆಯಬಹುದು. ರಸತ್ಯಾಗ, ಮೌನ ಮೊದಲಾದ ಬೇರೆ ನಿಯಮಗಳು ಅವರಿಗಿವೆ. ಶ್ರವಣಬೆಳಗೊಳದ ವಿಂಧ್ಯಗಿರಿಯ 600ಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಅಂಥವರು ಕಾಲುಚೀಲ ಧರಿಸಿಯೋ ಡೋಲಿಯಲ್ಲಿಯೋ ಏರಿದರೆ ಭಕ್ತಿಗೆ ಕುಂದಿಲ್ಲ. ಯಾರೇ ಆಗಲಿ, ಬಂಡೆ ಕಾಯುವ ಮುನ್ನ, ಬೆಳಗ್ಗೆಯೇ ಹತ್ತಿ ಇಳಿಯುವುದು ಒಳಿತು.