ಮುಲಾಮು ಚರ್ಮ ದಾಟುವುದು ಹೇಗೆ?

ಪ್ರಶ್ನೆ: ಅಮ್ಮ ಮಂಡಿನೋವಿಗೆ ದಿನವೂ ಡೈಕ್ಲೋಫೆನಾಕ್ ಜೆಲ್ ಹಚ್ಚಿಕೊಳ್ಳುತ್ತಾರೆ. ಸ್ನಾನದ ನೀರೇ ಇಳಿಯದ ಚರ್ಮದೊಳಗೆ ಔಷಧ ಇಳಿಯುವುದು ನಿಜವೇ? ಮಳೆಗಾಲದಲ್ಲಿ ನನಗೆ ತೊಡೆಸಂದಿನಲ್ಲಿ ಹುಳುಕಡ್ಡಿ ಏಳುತ್ತದೆ. ಅದಕ್ಕೆ ಮೆಡಿಕಲ್‌ನವರು ಕೊಡುವ ಟ್ಯೂಬ್ ಸಾಕೇ?
– ಓದುಗರೊಬ್ಬರು, ಘೋಡಬಂದರ್ ರಸ್ತೆ, ಠಾಣೆ

ಉತ್ತರ: ನೀರನ್ನು ತಡೆಯುವುದು ಚರ್ಮದ ತೀರಾ ಮೇಲಿನ ಪದರ, ಸ್ಟ್ರಾಟಮ್ ಕಾರ್ನಿಯಮ್. ಮೈಯ ಬಹುತೇಕ ಕಡೆ ಅದರ ದಪ್ಪ 10ರಿಂದ 20 ಮೈಕ್ರೋಮೀಟರ್, ಎಂದರೆ ಕೂದಲೆಳೆಗಿಂತ ತೆಳು. ನಿಮ್ಮ ರಸ್ತೆಯ ಇಕ್ಕೆಲದಲ್ಲೂ ಕಟ್ಟಡ ಏಳುವುದನ್ನು ನೋಡುತ್ತಿರುತ್ತೀರಿ. ಇದೂ ಅಂಥದೇ ಗೋಡೆ. ಸತ್ತು ಚಪ್ಪಟೆಯಾದ ಕೋಶಗಳು ಇಟ್ಟಿಗೆ. ಸೆರಮೈಡ್, ಕೊಲೆಸ್ಟರಾಲ್, ಕೊಬ್ಬಿನಾಮ್ಲಗಳ ಜಿಡ್ಡು ಗಾರೆ. ಔಷಧದ ಹೆಚ್ಚಿನ ಪಾಲು ಈ ಗಾರೆಯ ಸಂದಿನಲ್ಲೇ ಸುತ್ತಿ ಬಳಸಿ ಇಳಿಯುತ್ತದೆ. ಕೂದಲ ಬುಡ, ಬೆವರಿನ ರಂಧ್ರಗಳಿಂದಲೂ ಒಂದಿಷ್ಟು ನುಸುಳುತ್ತದೆ.

ಹೀಗೆ ಇಳಿಯಬೇಕಾದರೆ ಔಷಧದ ಅಣು ಚಿಕ್ಕದಿರಬೇಕು, ಸುಮಾರು 500 ಡಾಲ್ಟನ್ (ಅಣುತೂಕದ ಅಳತೆ) ಒಳಗೆ. ಜಿಡ್ಡಿನಲ್ಲಿ ಕರಗಬೇಕು, ನೀರಿನಲ್ಲೂ ತುಸು ಕರಗಬೇಕು. ಡೈಕ್ಲೋಫೆನಾಕ್ ಸುಮಾರು 296 ಡಾಲ್ಟನ್, ಹಾಗಾಗಿ ದಾಟುತ್ತದೆ. ಇನ್ಸುಲಿನ್ 5,800ರ ಆಸುಪಾಸು; ಸಕ್ಕರೆ ಕಾಯಿಲೆಗೆ ಮುಲಾಮು ಇಲ್ಲದಿರುವುದಕ್ಕೆ ಇದೊಂದು ಮುಖ್ಯ ಕಾರಣ. ಒಂದು ಮಂಡಿಗೆ ಜೆಲ್ ಹಚ್ಚಿದಾಗ ರಕ್ತಕ್ಕೆ ಸೇರುವುದು ಮಾತ್ರೆ ನುಂಗಿದಾಗಿನ ಸುಮಾರು ಶೇ. 6ರಷ್ಟು. ಅಮ್ಮನ ಹೊಟ್ಟೆಗೆ ಅದರಿಂದ ತೊಂದರೆ ಕಡಿಮೆ. ಆದರೆ ಜೆಲ್ ಮೇಲೆ ಬಿಗಿಯಾಗಿ ಬಟ್ಟೆ ಸುತ್ತುವುದು, ಬಿಸಿನೀರಿನ ಚೀಲ ಇಡುವುದು ಬೇಡ. ಶಾಖವೂ ತೇವವೂ ಆ ಗಾರೆಯನ್ನು ಸಡಿಲಿಸುತ್ತವೆ.

ನನಗೆ ಚಿಂತೆ ನಿಮ್ಮ ಟ್ಯೂಬಿನದು; ಅದರಲ್ಲಿ ಸ್ಟೀರಾಯ್ಡ್ ಬೆರೆತಿರಬಹುದು. ಚರ್ಮ ಎಲ್ಲ ಕಡೆ ಒಂದೇ ಅಲ್ಲ. 1967ರಲ್ಲಿ ಫೆಲ್ಡ್‌ಮನ್ ಮತ್ತು ಮೈಬಾಕ್ ಎಂಬ ಸಂಶೋಧಕರು ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡನ್ನು ಮೈಯ ಬೇರೆ ಬೇರೆ ಕಡೆ ಹಚ್ಚಿ ಅಳೆದರು. ಮುಂಗೈಯಲ್ಲಿ ಒಂದು ಪಾಲು ಇಳಿದರೆ ಹಣೆಯಲ್ಲಿ 6, ದವಡೆಯಲ್ಲಿ 13, ವೃಷಣದ ಚರ್ಮದಲ್ಲಿ 42 ಪಾಲು ಇಳಿಯಿತು. ಅಂಗಾಲಿನಲ್ಲಿ 0.14 ಮಾತ್ರ. ಹುಳುಕಡ್ಡಿ ಹೆಚ್ಚಾಗಿ ಏಳುವುದೂ ತೊಡೆಸಂದಿನಂಥ ತೆಳು ಜಾಗದಲ್ಲೇ. ಮಳೆಗಾಲದ ಬೆವರು, ಒದ್ದೆ ಜೀನ್ಸ್, ಬಸ್ಸಿನಲ್ಲೋ ಲೋಕಲ್‌ನಲ್ಲೋ ಎರಡು ಗಂಟೆ. ಅಲ್ಲಿ ಸ್ಟೀರಾಯ್ಡ್ ಬೆರೆತ ಕ್ರೀಮ್ ಹಚ್ಚಿದರೆ ಎರಡೇ ದಿನದಲ್ಲಿ ತುರಿಕೆ ಇಳಿಯುತ್ತದೆ, ಕೆಂಪೂ ಮಾಯ. ಒಳಗೆ ಹುಳುಕಡ್ಡಿಗೆ ಕಾರಣವಾದ ಶಿಲೀಂಧ್ರ ಮಾತ್ರ ಆರಾಮವಾಗಿ ಹಬ್ಬುತ್ತಿರುತ್ತದೆ. ಉಂಗುರದ ಗುರುತೇ ಅಳಿಸಿ ವೈದ್ಯರಿಗೂ ಕಾಯಿಲೆ ಪತ್ತೆಯಾಗದಂತಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಬಸಿರಿನಲ್ಲಿ ಮೂಡುವಂಥ ಗೆರೆಗಳು ಮೂಡುತ್ತವೆ. ಆ ಗೆರೆಗಳು ಪೂರ್ತಿ ಹೋಗುವುದಿಲ್ಲ.

2018ರಲ್ಲಿ ಕೇಂದ್ರ ಸರ್ಕಾರ ಹಚ್ಚುವ 14 ಸ್ಟೀರಾಯ್ಡ್‌ಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ವೈದ್ಯರ ಚೀಟಿ ಇಲ್ಲದೆ ಅವನ್ನು ಮಾರುವಂತಿಲ್ಲ. ಆದರೂ ಎಷ್ಟೋ ಅಂಗಡಿಗಳಲ್ಲಿ ಚೀಟಿ ಕೇಳುವುದೇ ಇಲ್ಲ.

ಇವತ್ತೇ ನಿಮ್ಮ ಟ್ಯೂಬ್ ತೆಗೆದು ಸಣ್ಣ ಅಕ್ಷರಗಳನ್ನು ಓದಿ. ಕ್ಲೊಬೆಟಸಾಲ್, ಬೆಟಾಮೆಥಸೋನ್, ಮೊಮೆಟಸೋನ್, ಈ ಸ್ಟೀರಾಯ್ಡ್‌ಗಳಲ್ಲಿ ಒಂದಿದ್ದರೂ ಆ ಟ್ಯೂಬನ್ನು ಕೈಯಲ್ಲೇ ಹಿಡಿದುಕೊಂಡು ಚರ್ಮವೈದ್ಯರ ಬಳಿ ಹೋಗಿ.